ಚಾನೆಲ್ ಇದ್ದ ಮನೆಯಲ್ಲಿ ಲೆಕ್ಕದ ಪುಸ್ತಕವೂ ಇರಲಿ

ಯೂಟ್ಯೂಬ್, ಇನ್‌ಸ್ಟಾಗ್ರಾಂ ಆದಾಯ ಮತ್ತು ತೆರಿಗೆ: ಚೆನ್ನೈ ಕನ್ನಡಿಗರು ತಿಳಿದಿರಬೇಕಾದ ಸಂಗತಿಗಳು

ಚೆನ್ನೈ: ಮದರಾಸಿಗೆ ಬಂದ ಕನ್ನಡಿಗರು ಹೊಟ್ಟೆಪಾಡಿಗೆ ಹಿಡಿದ ದಾರಿಗಳು ಹಲವು. ಉಡುಪಿ ಕಡೆಯಿಂದ ಬಂದವರು ಹೋಟೆಲು ತೆರೆದರು. 1938ರಲ್ಲಿ ಕೆ. ಕೃಷ್ಣರಾಯರು ರಾಯಪೇಟೆಯಲ್ಲಿ ಆರಂಭಿಸಿದ ವುಡ್‌ಲ್ಯಾಂಡ್ಸ್ ಹೆಸರು ಇಂದಿಗೂ ಈ ಊರಿನ ಬಾಯಲ್ಲಿದೆ. ಕಲಾವಿದರು ಕೋಡಂಬಾಕ್ಕಂ, ವಡಪಳನಿಯ ಸ್ಟುಡಿಯೋಗಳನ್ನು ಹುಡುಕಿಕೊಂಡು ಬಂದರು. 1954ರ ‘ಬೇಡರ ಕಣ್ಣಪ್ಪ’ದ ಕಾಲದಲ್ಲಿ ಕನ್ನಡ ಚಿತ್ರರಂಗದ ಅನ್ನದ ತಟ್ಟೆ ಇದ್ದದ್ದೇ ಮದರಾಸಿನಲ್ಲಿ. ಆಮೇಲೆ ಬ್ಯಾಂಕು, ವಿಮೆ, ರೈಲ್ವೆ ನೌಕರರು ಬಂದರು. ಹಳೆಯ ಮಹಾಬಲಿಪುರಂ ರಸ್ತೆಯುದ್ದಕ್ಕೂ ಸಾಫ್ಟ್‌ವೇರ್ ಕಂಪನಿಗಳು ಎದ್ದ ಮೇಲೆ ಹೊಸ ತಲೆಮಾರು ಬಂತು.

ಈಗ ಇವೆಲ್ಲದರ ಜತೆಗೆ ಇನ್ನೊಂದು ಸಂಪಾದನೆಯ ದಾರಿ ಮನೆಯೊಳಗೇ ತೆರೆದುಕೊಂಡಿದೆ. ಅಡುಗೆಮನೆಯ ಕಟ್ಟೆಯ ಮೇಲೊಂದು ಮೊಬೈಲು ಸ್ಟ್ಯಾಂಡ್ ಇಟ್ಟು ಬಿಸಿಬೇಳೆಬಾತು ಮಾಡಿ ತೋರಿಸುವವರು, ದೇವರನಾಮ ಕಲಿಸುವವರು, ರಾತ್ರಿ ಕೆಲಸ ಮುಗಿಸಿ ಬಂದು ವೀಡಿಯೊ ಗೇಮ್ ಆಡುತ್ತಾ ನೇರ ಪ್ರಸಾರ ಮಾಡುವ ಹುಡುಗರು, ಊರೂರು ಸುತ್ತಿ ತಿಂಡಿ-ತೀರ್ಥದ ಪರಿಚಯ ಮಾಡಿಕೊಡುವವರು ಎಲ್ಲ ಕಡೆಯೂ ಇದ್ದಾರೆ. ಮೊದಮೊದಲು ಹವ್ಯಾಸಕ್ಕೆಂದು ಶುರುವಾದದ್ದು ಒಂದು ದಿನ ಬ್ಯಾಂಕ್ ಖಾತೆಗೆ ಹಣವಾಗಿ ಬಂದು ಬೀಳುತ್ತದೆ. ಮನೆಯಲ್ಲಿ ಸಿಹಿ ಹಂಚುತ್ತಾರೆ. ಆದರೆ ಆ ಹಣವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕೆಂದು ಯಾರಿಗೂ ತೋಚುವುದಿಲ್ಲ.

ಹೋಟೆಲಿನ ಹಿರಿಯರಾದರೋ ರಾತ್ರಿ ಬಾಗಿಲು ಹಾಕುವ ಮುನ್ನ ಗಲ್ಲಾದ ಹಣ ಎಣಿಸಿ, ಹಾಲು-ತರಕಾರಿಯ ಖರ್ಚು ಕಳೆದು, ಅಂದಿನ ಲೆಕ್ಕವನ್ನು ಅಂದೇ ಬರೆಯುತ್ತಿದ್ದರು. ಅವರ ಮೊಮ್ಮಕ್ಕಳ ಕೈಯಲ್ಲಿರುವ ಮೊಬೈಲು ಕೂಡ ಒಂದು ಗಲ್ಲಾ ಪೆಟ್ಟಿಗೆಯೇ. ಆ ಪೆಟ್ಟಿಗೆಯ ಲೆಕ್ಕ ಮನೆಯವರ ಬಳಿ ಇಲ್ಲದಿರಬಹುದು, ಅದರ ಬಹುಪಾಲು ಆದಾಯ ತೆರಿಗೆ ಇಲಾಖೆಯ ಬಳಿ ಇರುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಇಲಾಖೆಯ ಪಟ್ಟಿಗೆ ಸೇರಿದ ವೃತ್ತಿ

ಕಲೆಯ ಸಂಪಾದನೆಗೆ ತೆರಿಗೆ ಎಂಬುದು ಹೊಸ ಮಾತಲ್ಲ. ಮದರಾಸಿನ ಸ್ಟುಡಿಯೋಗಳಲ್ಲಿ ದುಡಿಯುತ್ತಿದ್ದ ನಟ, ನಿರ್ದೇಶಕ, ಛಾಯಾಗ್ರಾಹಕ, ಗಾಯಕ, ಗೀತರಚನಕಾರ, ಸಂಕಲನಕಾರ, ವಸ್ತ್ರವಿನ್ಯಾಸಕ ಇವರೆಲ್ಲರನ್ನೂ ‘ಚಲನಚಿತ್ರ ಕಲಾವಿದ’ರೆಂದು ಕರೆದು, ಲೆಕ್ಕಪುಸ್ತಕ ಇಡಬೇಕಾದ ವೃತ್ತಿಗಳ ಪಟ್ಟಿಗೆ 1977ರಲ್ಲೇ ಸೇರಿಸಲಾಗಿತ್ತು. ಸಾಮಾಜಿಕ ಜಾಲತಾಣಗಳಲ್ಲಿ ದುಡಿಯುವವರಿಗೆ ಅಂಥ ಗುರುತು ಸಿಕ್ಕಿದ್ದು ತೀರಾ ಈಚೆಗೆ. 2025-26ರ ಅಸೆಸ್‌ಮೆಂಟ್ ವರ್ಷದ ಐಟಿಆರ್-3 ಮತ್ತು ಐಟಿಆರ್-4 ಅರ್ಜಿಗಳಲ್ಲಿ ‘ಸೋಷಿಯಲ್ ಮೀಡಿಯಾ ಇನ್‌ಫ್ಲುಯೆನ್ಸರ್’ಗಳಿಗೆಂದೇ 16021 ಎಂಬ ಪ್ರತ್ಯೇಕ ಸಂಕೇತ ಸಂಖ್ಯೆ ಕೊಡಲಾಯಿತು. ಅದಕ್ಕೆ ಮೊದಲು ಇವರು ‘ಇತರೆ’ ಎಂಬ ಗುಂಪಿನಲ್ಲಿ ಹೇಗೋ ಹೊಂದಿಕೊಳ್ಳಬೇಕಾಗಿತ್ತು.

ಇಲಾಖೆಯ ಕಣ್ಣು ಇತ್ತ ತಿರುಗಿದ್ದಕ್ಕೆ ಬೇರೆ ಉದಾಹರಣೆಯೂ ಇದೆ. 2023ರ ಜೂನ್‌ನಲ್ಲಿ ಪಕ್ಕದ ಕೇರಳದಲ್ಲಿ ಹಲವು ಯೂಟ್ಯೂಬರ್‌ಗಳ ಸ್ಥಳಗಳಲ್ಲಿ ಆದಾಯ ತೆರಿಗೆ ಅಧಿಕಾರಿಗಳು ತಪಾಸಣೆ ನಡೆಸಿದ್ದು ದೊಡ್ಡ ಸುದ್ದಿಯಾಗಿತ್ತು. ಅದು ದೊಡ್ಡ ಚಾನೆಲ್‌ಗಳ ಮಾತು ಎಂದು ಸಣ್ಣವರು ಸುಮ್ಮನಿರಬಹುದು. ಆದರೆ ಜಾಹೀರಾತು ಕೊಟ್ಟ ಕಂಪನಿ ತೆರಿಗೆ ಮುರಿದುಕೊಂಡರೆ ಆ ವಿವರ ಪ್ಯಾನ್ ಸಂಖ್ಯೆಯೊಂದಿಗೆ ಇಲಾಖೆಗೆ ಹೋಗುತ್ತದೆ. 26ಎಎಸ್ ಮತ್ತು ಎಐಎಸ್ ಎಂಬ ಪಟ್ಟಿಗಳಲ್ಲಿ ಅದು ದಾಖಲಾಗಿರುತ್ತದೆ. ರಿಟರ್ನ್‌ನಲ್ಲಿ ಮಾತ್ರ ಅದು ಕಾಣದಿದ್ದರೆ ಪ್ರಶ್ನೆ ಏಳುವುದು ಸಹಜ.

ಯಾವುದೆಲ್ಲ ಆದಾಯ?

ಯೂಟ್ಯೂಬ್ ಜಾಹೀರಾತಿನ ಪಾಲು ಆದಾಯವೆಂಬುದು ಎಲ್ಲರಿಗೂ ಗೊತ್ತು. ದೀರ್ಘ ವೀಡಿಯೊಗಳ ಜಾಹೀರಾತಿನಲ್ಲಿ ಚಾನೆಲ್‌ನವರಿಗೆ ಶೇ. 55, ಶಾರ್ಟ್ಸ್‌ನಲ್ಲಿ ಶೇ. 45 ಪಾಲು ಸಿಗುತ್ತದೆ. ಇದಲ್ಲದೆ ನೇರ ಪ್ರಸಾರದ ಹೊತ್ತಿನಲ್ಲಿ ಬರುವ ಸೂಪರ್ ಚಾಟ್, ಚಾನೆಲ್ ಸದಸ್ಯತ್ವದ ಶುಲ್ಕ, ಕಂಪನಿಗಳು ಕೊಡುವ ಪ್ರಾಯೋಜಕತ್ವದ ಹಣ, ವೀಡಿಯೊ ಕೆಳಗೆ ಕೊಟ್ಟ ಲಿಂಕಿನಿಂದ ಮಾರಾಟವಾದರೆ ಸಿಗುವ ಕಮಿಷನ್ ಇವೂ ಆದಾಯವೇ.

ಅಭಿಮಾನಿಗಳು ಯುಪಿಐ ಮೂಲಕ ನೇರವಾಗಿ ಕಳಿಸುವ ಐವತ್ತು, ನೂರು ರೂಪಾಯಿಗಳನ್ನು ‘ಪ್ರೀತಿಯ ಕಾಣಿಕೆ’ ಎಂದು ಲೆಕ್ಕದಿಂದ ಹೊರಗಿಡುವವರೇ ಹೆಚ್ಚು. ಮದುವೆಯಲ್ಲಿ ಬಂಧುಗಳು ಕೊಡುವ ಉಡುಗೊರೆಯೇ ಬೇರೆ, ಕಾರ್ಯಕ್ರಮ ನೋಡಿ ಮೆಚ್ಚಿದವರು ಕೊಡುವ ಹಣವೇ ಬೇರೆ. ಎರಡನೆಯದು ಮಾಡಿದ ಕೆಲಸದ ಫಲವಾಗಿ ಬಂದದ್ದು. ಅದನ್ನೂ ವೃತ್ತಿಯ ಆದಾಯದಲ್ಲಿ ಸೇರಿಸುವುದೇ ಸರಿಯಾದ ಕ್ರಮ.

ವಸ್ತುರೂಪದಲ್ಲಿ ಬಂದದ್ದನ್ನು ಲೆಕ್ಕಕ್ಕೆ ಹಿಡಿಯುವವರು ಇನ್ನೂ ಕಡಿಮೆ. ಮಿಕ್ಸಿ ಕಂಪನಿಯೊಂದು ಹೊಸ ಮಿಕ್ಸಿ ಕಳಿಸುತ್ತದೆ, ಸೀರೆ ಅಂಗಡಿ ಸೀರೆ ಕಳಿಸುತ್ತದೆ, ರೆಸಾರ್ಟ್‌ನವರು ಎರಡು ದಿನ ಉಳಿಸಿಕೊಳ್ಳುತ್ತಾರೆ. 2022ರ ಜುಲೈ 1ರಿಂದ ಜಾರಿಗೆ ಬಂದ 194ಆರ್ ಸೆಕ್ಷನ್ ಪ್ರಕಾರ, ಹೀಗೆ ಕೊಟ್ಟ ಸೌಲಭ್ಯಗಳ ಮೌಲ್ಯ ವರ್ಷಕ್ಕೆ 20,000 ರೂ. ಮೀರಿದರೆ ಕೊಡುವವರು ಶೇ. 10ರಷ್ಟು ತೆರಿಗೆ ಮುರಿದು ಕಟ್ಟಬೇಕು. ಕೇಂದ್ರ ನೇರ ತೆರಿಗೆ ಮಂಡಳಿ 2022ರ ಜೂನ್‌ನಲ್ಲಿ ಹೊರಡಿಸಿದ ಸುತ್ತೋಲೆ ಕಾರು, ಮೊಬೈಲು, ಉಡುಪು, ಸೌಂದರ್ಯವರ್ಧಕಗಳ ಉದಾಹರಣೆಯನ್ನೇ ಕೊಟ್ಟು ವಿವರಿಸಿದೆ. ವಸ್ತುವನ್ನು ವೀಡಿಯೊ ಮಾಡಿ ಕಂಪನಿಗೆ ಹಿಂದಿರುಗಿಸಿದರೆ ಅದು ಲಾಭವಲ್ಲ, ಮನೆಯಲ್ಲೇ ಇಟ್ಟುಕೊಂಡರೆ ಲಾಭ. ಮೌಲ್ಯ 20,000 ರೂ. ದಾಟದಿದ್ದರೆ ಕಂಪನಿ ತೆರಿಗೆ ಮುರಿಯಬೇಕಿಲ್ಲ, ಆದರೆ ಪಡೆದವರು ತಮ್ಮ ಲೆಕ್ಕದಲ್ಲಿ ತೋರಿಸಬೇಕಾದದ್ದು ತಪ್ಪುವುದಿಲ್ಲ. ಆದ್ದರಿಂದ ಯಾವ ವಸ್ತು ಬಂತು, ಬೆಲೆ ಎಷ್ಟು, ಹಿಂದಕ್ಕೆ ಕಳಿಸಿದ್ದರೆ ಕೊರಿಯರ್ ರಶೀದಿ ಎಲ್ಲಿದೆ ಎಂಬುದನ್ನು ಬರೆದಿಡುವುದು ಒಳ್ಳೆಯದು.

ಒಬ್ಬ ಗೃಹಿಣಿಯ ಲೆಕ್ಕ

2025-26ರ ಹಣಕಾಸು ವರ್ಷದ ನಿಯಮಗಳನ್ನು ಹಿಡಿದು ಒಂದು ಉದಾಹರಣೆ ನೋಡಬಹುದು. ಪಶ್ಚಿಮ ಮಾಂಬಲಂನ ಗೃಹಿಣಿಯೊಬ್ಬರು ಕನ್ನಡದಲ್ಲಿ ಅಡುಗೆ ಚಾನೆಲ್ ನಡೆಸುತ್ತಾರೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ಯೂಟ್ಯೂಬ್‌ನಿಂದ 6 ಲಕ್ಷ, ಮಸಾಲೆ ಪುಡಿ ಕಂಪನಿಯ ಪ್ರಾಯೋಜಕತ್ವದಿಂದ 2 ಲಕ್ಷ, ಒಟ್ಟು 8 ಲಕ್ಷ ರೂ. ಬಂದಿದೆ. ಕಂಪನಿಯವರು ಶೇ. 10ರಂತೆ 20,000 ರೂ. ಟಿಡಿಎಸ್ ಮುರಿದು 1,80,000 ರೂ. ಕೊಟ್ಟಿದ್ದಾರೆ.

ಸಣ್ಣ ಪ್ರಮಾಣದ ವೃತ್ತಿಪರರಿಗೆ 1961ರ ಕಾಯ್ದೆಯ 44ಎಡಿಎ ಸೆಕ್ಷನ್ ಒಂದು ಸುಲಭ ದಾರಿ ಕೊಟ್ಟಿದೆ. ವರ್ಷದ ಸ್ವೀಕೃತಿ 50 ಲಕ್ಷ ರೂ. ಒಳಗಿದ್ದರೆ, ನಗದು ಸ್ವೀಕೃತಿ ಶೇ. 5ನ್ನು ಮೀರದಿದ್ದಲ್ಲಿ 75 ಲಕ್ಷದೊಳಗಿದ್ದರೆ, ಬಂದ ಹಣದ ಅರ್ಧವನ್ನು ಲಾಭವೆಂದು ತೋರಿಸಬಹುದು. ಉಳಿದರ್ಧ ಖರ್ಚು ಎಂದೇ ಲೆಕ್ಕ. ಕ್ಯಾಮೆರಾ, ದೀಪ, ಇಂಟರ್‌ನೆಟ್ಟಿಗೆ ಮತ್ತೆ ಬೇರೆ ಕಳೆಯುವಂತಿಲ್ಲ. ಈ ಗೃಹಿಣಿಯ ಲಾಭ ಹೀಗೆ 4 ಲಕ್ಷ ರೂ. ಆಗುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ಮುರಿದುಕೊಂಡ 20,000 ರೂ. ಪೂರ್ತಿ ವಾಪಸು ಬರಬೇಕಾದ ಹಣ. ಆದರೆ ರಿಟರ್ನ್ ಸಲ್ಲಿಸಿದರೆ ಮಾತ್ರ ಅದು ಬರುತ್ತದೆ. ‘ನಮಗೆ ತೆರಿಗೆ ಬರುವುದಿಲ್ಲ, ಹಾಗಾಗಿ ಏನೂ ಮಾಡಬೇಕಿಲ್ಲ’ ಎಂದು ಕೂತವರು ಹೀಗೆ ತಮ್ಮದೇ ಹಣ ಬಿಟ್ಟುಕೊಡುತ್ತಾರೆ.

ಆದಾಯ ಮಿತಿಯೊಳಗಿದ್ದರೂ ಕೆಲವರು ರಿಟರ್ನ್ ಸಲ್ಲಿಸಲೇಬೇಕು. ವೃತ್ತಿಯ ಒಟ್ಟು ಸ್ವೀಕೃತಿ ವರ್ಷಕ್ಕೆ 10 ಲಕ್ಷ ರೂ. ಮೀರಿದವರು, ಟಿಡಿಎಸ್ 25,000 ರೂ. ಅಥವಾ ಹೆಚ್ಚು ಇರುವವರು ಈ ಗುಂಪಿಗೆ ಸೇರುತ್ತಾರೆ. ಹಿರಿಯ ನಾಗರಿಕರಿಗೆ ಈ ಟಿಡಿಎಸ್ ಮಿತಿ 50,000 ರೂ.

ನಿಜವಾದ ಖರ್ಚು ಅರ್ಧಕ್ಕಿಂತ ಹೆಚ್ಚಾಗಿದ್ದರೆ ಲೆಕ್ಕಪುಸ್ತಕ ಇಟ್ಟು, ಐಟಿಆರ್-3ರಲ್ಲಿ ಖರ್ಚು ತೋರಿಸುವ ದಾರಿ ಇದೆ. ಸಂಕಲನ ಮಾಡುವವರಿಗೆ ಕೊಟ್ಟ ಹಣ, ಪ್ರಯಾಣ, ಇಂಟರ್‌ನೆಟ್ ಇವನ್ನು ನೇರವಾಗಿ ಕಳೆಯಬಹುದು. ಕಂಪ್ಯೂಟರಿಗೆ ವರ್ಷಕ್ಕೆ ಶೇ. 40, ಕ್ಯಾಮೆರಾದಂಥ ಉಪಕರಣಕ್ಕೆ ಸಾಮಾನ್ಯವಾಗಿ ಶೇ. 15ರಂತೆ ಸವಕಳಿ ಸಿಗುತ್ತದೆ. 44ಎಡಿಎಗೆ ಅರ್ಹರಿದ್ದೂ ಅರ್ಧಕ್ಕಿಂತ ಕಡಿಮೆ ಲಾಭ ತೋರಿಸುವವರ ಒಟ್ಟು ಆದಾಯ ತೆರಿಗೆ ಮಿತಿ ದಾಟಿದ್ದರೆ ಆಡಿಟ್ ಕೂಡ ಮಾಡಿಸಬೇಕಾಗುತ್ತದೆ. ಕಮಿಷನ್, ವಸ್ತುಗಳ ಮಾರಾಟ ಎಲ್ಲ ಕಲೆತಿರುವವರು ಮೊದಲೇ ಆಡಿಟರ್ ಬಳಿ ಕೇಳಿಕೊಳ್ಳುವುದು ಕ್ಷೇಮ.

ಅಮೆರಿಕದ ಬಂಧುಗಳು ನೋಡಿದರೆ

ಕನ್ನಡ ಚಾನೆಲ್‌ಗಳನ್ನು ಅಮೆರಿಕದಲ್ಲಿರುವ ಮಕ್ಕಳು, ನೆಂಟರು, ಅಲ್ಲಿನ ಕನ್ನಡ ಕೂಟದವರು ಪ್ರೀತಿಯಿಂದ ನೋಡುತ್ತಾರೆ. ಅಲ್ಲಿನ ವೀಕ್ಷಕರಿಂದ ಬಂದ ಆದಾಯಕ್ಕೆ ಅಮೆರಿಕದ ಸರ್ಕಾರ ತೆರಿಗೆ ಹಾಕುತ್ತದೆ. 2021ರ ಜೂನ್‌ನಿಂದ ಯೂಟ್ಯೂಬ್ ಈ ತೆರಿಗೆಯನ್ನು ಮುರಿದುಕೊಂಡೇ ಹಣ ಕೊಡುತ್ತಿದೆ. ಚಾನೆಲ್‌ನವರು ಡಬ್ಲ್ಯು-8ಬೆನ್ ಎಂಬ ಅರ್ಜಿಯಲ್ಲಿ ಪ್ಯಾನ್ ವಿವರ ತುಂಬಿ, ಭಾರತ-ಅಮೆರಿಕ ಒಪ್ಪಂದದ ಅನುಕೂಲ ಕೇಳಿಕೊಂಡರೆ ಅಮೆರಿಕದ ಪಾಲಿಗೆ ಮಾತ್ರ ಶೇ. 15ರ ದರ ಅನ್ವಯಿಸುತ್ತದೆ. ತೆರಿಗೆ ವಿವರವನ್ನೇ ಕೊಡದಿದ್ದರೆ ಇಡೀ ಜಗತ್ತಿನ ಆದಾಯದ ಮೇಲೆ ಶೇ. 24ರವರೆಗೂ ಮುರಿಯಬಹುದು. ಹತ್ತು ನಿಮಿಷದ ಒಂದು ಅರ್ಜಿ ಎಷ್ಟು ದುಡ್ಡು ಉಳಿಸುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಮೇಲಿನ ಗೃಹಿಣಿಗೆ ಬಂದ 6 ಲಕ್ಷದಲ್ಲಿ 1,20,000 ರೂ. ಅಮೆರಿಕದ ವೀಕ್ಷಕರದು ಎಂದಾದರೆ, 18,000 ರೂ. ಅಲ್ಲೇ ನಿಂತು 5,82,000 ರೂ. ಬ್ಯಾಂಕಿಗೆ ಬರುತ್ತದೆ. ಲೆಕ್ಕದಲ್ಲಿ ತೋರಿಸಬೇಕಾದದ್ದು ಬ್ಯಾಂಕಿಗೆ ಬಂದ ಮೊತ್ತವಲ್ಲ, ಮುರಿಯುವ ಮುಂಚಿನ 6 ಲಕ್ಷ. ಹೊರದೇಶದಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿನ ತೆರಿಗೆಯಲ್ಲಿ ಕಳೆದುಕೊಳ್ಳಲು ಫಾರಂ 67 ಸಲ್ಲಿಸಬೇಕು. ಅಲ್ಲಿ ಮುರಿದದ್ದಕ್ಕೆ ಗೂಗಲ್ ಕೊಡುವ 1042-ಎಸ್ ಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಆದರೆ ಇಲ್ಲೊಂದು ಕಟುಸತ್ಯವಿದೆ. ಇಲ್ಲಿ ತೆರಿಗೆ ಬಂದರೆ ಮಾತ್ರ ಅದರಲ್ಲಿ ಕಳೆಯಲು ಸಾಧ್ಯ. ಈ ಗೃಹಿಣಿಗೆ ಇಲ್ಲಿ ತೆರಿಗೆಯೇ ಇಲ್ಲದ್ದರಿಂದ ಅಮೆರಿಕದ 18,000 ರೂ. ಹೋದದ್ದು ಹೋದಂತೆಯೇ. ಭಾರತ ಸರ್ಕಾರ ಅದನ್ನು ವಾಪಸು ಕೊಡುವುದಿಲ್ಲ.

‘ಕಂಪನಿಯೇ ತೆರಿಗೆ ಹಿಡಿಯುತ್ತದೆ’

ಸಂಬಳದ ಕೆಲಸದ ಜತೆಗೆ ಚಾನೆಲ್ ನಡೆಸುವವರು ಎಡವುವುದು ಇನ್ನೊಂದು ಕಡೆ. ಸಾಫ್ಟ್‌ವೇರ್ ಕಂಪನಿಯ ತರುಣನಿಗೆ ವರ್ಷಕ್ಕೆ 11,50,000 ರೂ. ಸಂಬಳ ಎಂದಿಟ್ಟುಕೊಳ್ಳೋಣ. ಹೊಸ ಪದ್ಧತಿಯಲ್ಲಿ 75,000 ರೂ. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 10,75,000 ಉಳಿಯುತ್ತದೆ. 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ ಕಂಪನಿ ಒಂದು ರೂಪಾಯಿ ತೆರಿಗೆಯನ್ನೂ ಮುರಿಯುವುದಿಲ್ಲ. ಅವನು ನಿಶ್ಚಿಂತೆಯಿಂದ ಇರುತ್ತಾನೆ.

ಅದೇ ವರ್ಷ ರಾತ್ರಿಯ ನೇರ ಪ್ರಸಾರದಿಂದ ಅವನಿಗೆ 3 ಲಕ್ಷ ರೂ. ಬಂದಿದೆ. ಅದರಲ್ಲಿ ಅರ್ಧ, ಅಂದರೆ 1,50,000 ರೂ. ಲಾಭ ಸೇರಿದರೆ ಒಟ್ಟು ಆದಾಯ 12,25,000 ರೂ. ರಿಯಾಯಿತಿಯ ಗೆರೆ ದಾಟಿತು. 12 ಲಕ್ಷದ ಮೇಲಿನ 25,000 ರೂ. ಪೂರ್ತಿ ತೆರಿಗೆಯಾಗಿ ಹೋಗುತ್ತದೆ. ಶೇ. 4 ಸೆಸ್ ಸೇರಿ 26,000 ರೂ. ಕಟ್ಟಬೇಕು. ಮಾರ್ಜಿನಲ್ ರಿಲೀಫ್ ಎಂಬ ಸೌಲಭ್ಯ ಇಲ್ಲದಿದ್ದರೆ ಇದು 66,000 ರೂ. ದಾಟುತ್ತಿತ್ತು.

ಇಂಥವರು ಸಂಬಳದಾರರ ಐಟಿಆರ್-1 ತುಂಬುವಂತಿಲ್ಲ. ಐಟಿಆರ್-4 ಅಥವಾ ಐಟಿಆರ್-3 ಸಲ್ಲಿಸಬೇಕು. ಟಿಡಿಎಸ್ ಕಳೆದು ಕಟ್ಟಬೇಕಾದ ತೆರಿಗೆ 10,000 ರೂ. ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮುಂಗಡ ತೆರಿಗೆಯೂ ಇದೆ. ಸಾಮಾನ್ಯವಾಗಿ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳುಗಳ 15ರೊಳಗೆ ನಾಲ್ಕು ಕಂತು. 44ಎಡಿಎ ದಾರಿ ಹಿಡಿದವರಿಗೆ ಮಾರ್ಚ್ 15ರೊಳಗೆ ಒಂದೇ ಕಂತು. ತಪ್ಪಿದರೆ ತಿಂಗಳಿಗೆ ಶೇ. 1ರಂತೆ ಬಡ್ಡಿ ಬೀಳುತ್ತದೆ. ವೃತ್ತಿಯ ಆದಾಯ ಇರುವವರು ಹಳೆಯ ಮತ್ತು ಹೊಸ ಪದ್ಧತಿಗಳ ನಡುವೆ ಪ್ರತಿ ವರ್ಷ ಅತ್ತಿತ್ತ ಹೋಗುವಂತೆಯೂ ಇಲ್ಲ. ಹಳೆಯದಕ್ಕೆ ಹೋಗಿ ಹೊಸದಕ್ಕೆ ಮರಳುವ ಅವಕಾಶ ಒಮ್ಮೆ ಮಾತ್ರ. ಉದ್ಯೋಗದ ಒಪ್ಪಂದದಲ್ಲಿ ಬೇರೆ ಸಂಪಾದನೆಗೆ ಅನುಮತಿ ಇದೆಯೇ ಎಂದು ನೋಡಿಕೊಳ್ಳುವುದೂ ಅಗತ್ಯ.

ಖಾತೆ ಯಾರದು, ಆದಾಯ ಯಾರದು?

ಕನ್ನಡ ಕುಟುಂಬಗಳಲ್ಲಿ ಸಾಮಾನ್ಯವಾಗಿ ನಡೆಯುವ ಒಂದು ಸಂಗತಿಯಿದೆ. ಅಡುಗೆ ಮಾಡುವವರು, ಹಾಡುವವರು ಹೆಂಡತಿ. ಹಣ ಬರುವುದು ಗಂಡನ ಖಾತೆಗೆ. ಪ್ಯಾನ್ ಕೂಡ ಗಂಡನದೇ. ಹೀಗಾದಾಗ ಹೆಂಡತಿಯ ದುಡಿಮೆ ಗಂಡನ ಸಂಬಳದ ಮೇಲೆ ಬಂದು ಕೂರುತ್ತದೆ, ತೆರಿಗೆಯ ದರ ಏರುತ್ತದೆ. ಅವರಿಗೇ ಸಿಗಬೇಕಾಗಿದ್ದ 4 ಲಕ್ಷದ ವಿನಾಯಿತಿ ಕೈತಪ್ಪುತ್ತದೆ. ದುಡಿದವರ ಹೆಸರಿನಲ್ಲೇ ಪ್ಯಾನ್, ಬ್ಯಾಂಕ್ ಖಾತೆ, ಕಂಪನಿಗಳೊಂದಿಗಿನ ಒಪ್ಪಂದ ಇರುವುದು ನ್ಯಾಯಕ್ಕೂ ಸರಿ, ಲೆಕ್ಕಕ್ಕೂ ಸರಿ. ಮುಂದೆ ಸಾಲ ಬೇಕಾದಾಗ ಆ ಮಹಿಳೆಯ ಹೆಸರಿನಲ್ಲಿ ಸಲ್ಲಿಸಿದ ರಿಟರ್ನ್‌ಗಳೇ ಆಧಾರವಾಗುತ್ತವೆ.

ಮಕ್ಕಳ ವಿಷಯವೂ ಹಾಗೆಯೇ. ಅಪ್ರಾಪ್ತ ಮಕ್ಕಳ ಆದಾಯವನ್ನು ತಂದೆ-ತಾಯಿಯರಲ್ಲಿ ಹೆಚ್ಚು ಆದಾಯ ಇರುವವರ ಜತೆ ಸೇರಿಸುವುದು ನಿಯಮ. ಆದರೆ ಮಗು ತನ್ನ ಸ್ವಂತ ಪ್ರತಿಭೆ, ಕೌಶಲದಿಂದ ಗಳಿಸಿದ್ದು ಮಗುವಿನದೇ ಆದಾಯ. ಹಾಡುವ, ಕುಣಿಯುವ ಮಗುವಿಗೆ ಬಂದ ಹಣಕ್ಕೆ ಮಗುವಿನ ಹೆಸರಿನಲ್ಲೇ ಪ್ಯಾನ್ ಮಾಡಿಸಿ ಲೆಕ್ಕ ಇಡಬಹುದು. ಆ ಹಣವನ್ನು ಠೇವಣಿ ಇಟ್ಟು ಬಂದ ಬಡ್ಡಿ ಮಾತ್ರ ಪೋಷಕರ ಆದಾಯಕ್ಕೆ ಸೇರುತ್ತದೆ.

ಜಿಎಸ್‌ಟಿ ಮತ್ತು ಪಾಲಿಕೆಯ ತೆರಿಗೆ

ತಮಿಳುನಾಡಿನಲ್ಲಿ ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ರೂ. ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಹೊರದೇಶದಿಂದ ಬಂದ ಹಣವೂ ಈ 20 ಲಕ್ಷದ ಲೆಕ್ಕಕ್ಕೆ ಸೇರುತ್ತದೆ. ಭಾರತದ ಕಂಪನಿಗೆ ಮಾಡಿಕೊಟ್ಟ ಜಾಹೀರಾತಿಗೆ ಶೇ. 18 ತೆರಿಗೆ ಹಾಕಿ ಬಿಲ್ಲು ಕೊಡಬೇಕು. ರಫ್ತು ಎನಿಸುವ ಸೇವೆಗೆ ತೆರಿಗೆ ಇಲ್ಲವಾದರೂ ಎಲ್‌ಯುಟಿ ಎಂಬ ಮುಚ್ಚಳಿಕೆಯನ್ನು ಪ್ರತಿ ವರ್ಷ ಸಲ್ಲಿಸಬೇಕು.

ಕರ್ನಾಟಕದಿಂದ ಬಂದವರು ಗಮನಿಸಬೇಕಾದ ಇನ್ನೊಂದು ಸಣ್ಣ ಬಾಬ್ತು ವೃತ್ತಿ ತೆರಿಗೆ. ಊರಿನಲ್ಲಿ ಅದು ರಾಜ್ಯ ಸರ್ಕಾರಕ್ಕೆ ಹೋಗುತ್ತದೆ. ಇಲ್ಲಿ ಅದನ್ನು ಆರು ತಿಂಗಳಿಗೊಮ್ಮೆ ವಸೂಲು ಮಾಡುವುದು ಚೆನ್ನೈ ಮಹಾನಗರ ಪಾಲಿಕೆ. ಅರ್ಧ ವರ್ಷದ ಆದಾಯ 21,000 ರೂ. ಮೀರಿದ ಸ್ವಂತ ವೃತ್ತಿಯವರೂ ಕಟ್ಟಬೇಕು. ಗರಿಷ್ಠ ಮೊತ್ತ ಅರ್ಧ ವರ್ಷಕ್ಕೆ 1,250 ರೂ.

ಕಾಯ್ದೆ ಬದಲಾಗಿದೆ, ಕರ್ತವ್ಯವಲ್ಲ

1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದಿದೆ. ಅದು ಜಾರಿಯಾಗುವ ದಿನ 2026ರ ಏಪ್ರಿಲ್ 1. ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ‘ಅಸೆಸ್‌ಮೆಂಟ್ ವರ್ಷ’ ಎಂಬ ಗೊಂದಲದ ಮಾತಿನ ಬದಲು ‘ತೆರಿಗೆ ವರ್ಷ’ ಎಂಬ ಒಂದೇ ಮಾತು ಬಂದಿದೆ. ಆದರೆ 2026ರ ಮಾರ್ಚ್ 31ರವರೆಗಿನ ಆದಾಯಕ್ಕೆ ಹಳೆಯ ಕಾಯ್ದೆಯೇ ಅನ್ವಯ. ಮಿತಿಗಳೂ ಕೊನೆಯ ದಿನಾಂಕಗಳೂ ಬಜೆಟ್ಟಿನಲ್ಲಿ ಬದಲಾಗುತ್ತಿರುವುದರಿಂದ ಪ್ರತಿ ವರ್ಷ ಹೊಸದಾಗಿ ನೋಡಿಕೊಳ್ಳಬೇಕು.

ಹಿಂದಿನ ವರ್ಷಗಳಲ್ಲಿ ತಿಳಿಯದೆ ಬಿಟ್ಟವರು ಗಾಬರಿಪಡಬೇಕಿಲ್ಲ. 2025ರ ತಿದ್ದುಪಡಿಯ ನಂತರ, ಅಸೆಸ್‌ಮೆಂಟ್ ವರ್ಷ ಮುಗಿದ ಮೇಲೂ ನಾಲ್ಕು ವರ್ಷಗಳವರೆಗೆ ‘ಅಪ್‌ಡೇಟೆಡ್ ರಿಟರ್ನ್’ ಸಲ್ಲಿಸಬಹುದು. ತಡವಾದಷ್ಟೂ ದಂಡ ಹೆಚ್ಚು. ತೆರಿಗೆ ಮತ್ತು ಬಡ್ಡಿಯ ಮೇಲೆ ಶೇ. 25ರಿಂದ ಶೇ. 70ರವರೆಗೆ ಹೆಚ್ಚುವರಿ ಕಟ್ಟಬೇಕು. ಬಿಟ್ಟುಹೋದ ಆದಾಯ ತೋರಿಸಲು ಈ ದಾರಿ ಇದೆಯೇ ಹೊರತು ರೀಫಂಡ್ ಕೇಳಲು ಅಲ್ಲ. ಇಲಾಖೆ ಕರೆಯುವ ಮೊದಲೇ ತಾವಾಗಿ ಹೋದವರಿಗೆ ನೆಮ್ಮದಿಯಂತೂ ಸಿಗುತ್ತದೆ.

1860ರಲ್ಲಿ ಜೇಮ್ಸ್ ವಿಲ್ಸನ್ ಈ ದೇಶಕ್ಕೆ ಆದಾಯ ತೆರಿಗೆ ತಂದಾಗ ಅದನ್ನು ಬಹಿರಂಗವಾಗಿ ವಿರೋಧಿಸಿದವರು ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್. ಆ ವಿರೋಧದಿಂದ ಅವರು ಹುದ್ದೆ ಕಳೆದುಕೊಂಡರು. ತೆರಿಗೆ ಮಾತ್ರ ಬಂದೇ ಬಂತು. ಗವರ್ನರರಿಗೇ ತಪ್ಪಿಸಲಾಗದ್ದನ್ನು ಉಳಿದವರು ತಪ್ಪಿಸುವುದು ಹೇಗೆ?

ಚೆನ್ನೈಯ ಕನ್ನಡ ಸಂಘ-ಸಂಸ್ಥೆಗಳು ರಾಜ್ಯೋತ್ಸವ, ದಾಸರ ಆರಾಧನೆ, ಪ್ರತಿಭಾ ಪುರಸ್ಕಾರಗಳನ್ನು ಶ್ರದ್ಧೆಯಿಂದ ನಡೆಸಿಕೊಂಡು ಬಂದಿವೆ. ಸದಸ್ಯರ ನಡುವೆಯೇ ಲೆಕ್ಕಪರಿಶೋಧಕರಿದ್ದಾರೆ, ಬ್ಯಾಂಕಿನಿಂದ ನಿವೃತ್ತರಾದ ಹಿರಿಯರಿದ್ದಾರೆ. ಫೆಬ್ರವರಿ ತಿಂಗಳ ಒಂದು ಭಾನುವಾರ, ಮುಂಗಡ ತೆರಿಗೆಯ ಕೊನೆಯ ಕಂತಿಗೆ ಮೊದಲು, ಇಂಥ ಹಿರಿಯರನ್ನೂ ಚಾನೆಲ್ ನಡೆಸುವ ಕಿರಿಯರನ್ನೂ ಒಂದೇ ಜಮಖಾನೆಯ ಮೇಲೆ ಕೂರಿಸಿದರೆ ಎಷ್ಟೋ ಮನೆಗಳ ಗೊಂದಲ ಪರಿಹಾರವಾದೀತು. ಅಲ್ಲಿಯವರೆಗೆ ಮಾಡಬೇಕಾದ ಕೆಲಸ ಸಣ್ಣದು. ಹತ್ತಿರದ ಅಂಗಡಿಯಿಂದ ಒಂದು ನೋಟ್‌ಬುಕ್ ತಂದು, ಬಂದ ಹಣ, ಬಂದ ವಸ್ತು, ಮುರಿದ ತೆರಿಗೆ, ಮಾಡಿದ ಖರ್ಚು ಎಂದು ನಾಲ್ಕು ಗೆರೆ ಎಳೆದು, ಅಂದಿನದನ್ನು ಅಂದೇ ಬರೆಯುವುದು. ಹೋಟೆಲು ನಡೆಸಿದ ಅಜ್ಜಂದಿರು ಮಾಡುತ್ತಿದ್ದದ್ದೂ ಅದನ್ನೇ.